ನೀವು ಒತ್ತಿದಾಗ ಮಾತ್ರ ಓಡುವ ರೂಲ್‌ಗಳು: ಕಂಪ್ಯೂಟರಿನ ಫೈಲ್‌ಗಳನ್ನು ವಿಂಗಡಿಸುವ ಸಮಗ್ರ ಮಾರ್ಗದರ್ಶಿ

"ಫೈಲ್ ವಿಂಗಡಿಸೋಕೆ ರೂಲ್ ಬರೆದೆ, ಓಡಿಸಿದೆ, ಈಗ ಅರ್ಧ ಫೈಲ್ ಎಲ್ಲಿವೆ ಅಂತಲೇ ಗೊತ್ತಾಗ್ತಿಲ್ಲ." ಈ ದೂರು ಮತ್ತೆ ಮತ್ತೆ ಬರುತ್ತಿದೆ. ರೂಲ್ ಅಂದರೆ ಹೆಸರಿನಲ್ಲಿ ಇಂಥ ಪದವಿದ್ದರೆ ಫೈಲನ್ನು ಇಂಥ ಫೋಲ್ಡರ್‌ಗೆ ಹಾಕು ಎಂದು ಕಂಪ್ಯೂಟರಿಗೆ ಬರೆದಿಡುವ ಸೂಚನೆ. ಜಯನಗರದ ಆಡಿಟರ್ ಕಚೇರಿಯವರು, ಅವೆನ್ಯೂ ರಸ್ತೆಯ ಡಿಟಿಪಿ ಅಂಗಡಿಯವರು, ಮನೆಯ ಬೆಸ್ಕಾಂ ಬಿಲ್ ಮತ್ತು ಕಂದಾಯದ ರಸೀದಿ ಜೋಡಿಸಿಡಲು ಹೊರಟವರು, ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಫೈಲ್‌ಗಳನ್ನು ಸರಿಯಾಗಿ ನೋಡುವ ಮೊದಲೇ ರೂಲ್ ಬರೆಯುತ್ತಾರೆ. ಮೊದಲ ಸಲವೇ ನಿಜವಾದ ಫೋಲ್ಡರ್ ಮೇಲೆ ಓಡಿಸುತ್ತಾರೆ. ಯಾವ ಫೈಲ್ ಎಲ್ಲಿಗೆ ಹೋಯಿತು ಎಂಬ ದಾಖಲೆಯನ್ನೂ ಇಟ್ಟಿರುವುದಿಲ್ಲ.

ಸಾಫ್ಟ್‌ವೇರ್ ಬದಲಿಸಿದರೆ ಇದು ಸರಿಹೋಗುವುದಿಲ್ಲ. ಕೆಲಸದ ಕ್ರಮ ಬದಲಾಗಬೇಕು. ಫೈಲ್ ಎಲ್ಲಿಗೆ ಹೋಗಲಿದೆ ಎಂದು ರೂಲ್ ಮೊದಲು ಬರೆದು ತೋರಿಸಬೇಕು. ಅದನ್ನು ನೀವು ಓದಿ ಒಪ್ಪಬೇಕು. ಸರಿಸುವುದು ಆಮೇಲೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಾಲ್ಕನೆಯದು ಬೇಸರ ಅಂತ ಬಿಟ್ಟು ಐದಕ್ಕೆ ಹೋಗಬೇಡಿ.

## ಬೇಕಾದ ಸಾಧನಗಳು

ಈ ಮಾರ್ಗದರ್ಶಿ ಮುಖ್ಯವಾಗಿ ವಿಂಡೋಸ್ ಬಳಸುವವರಿಗೆ. ಸಾಧನ ಮೈಕ್ರೋಸಾಫ್ಟ್‌ನ ಪವರ್ ಆಟೋಮೇಟ್ ಡೆಸ್ಕ್‌ಟಾಪ್. ವಿಂಡೋಸ್ 11ರಲ್ಲಿ ಅದು ಜೊತೆಗೇ ಬರುತ್ತದೆ. ವಿಂಡೋಸ್ 10 ಇದ್ದವರು ಉಚಿತವಾಗಿ ಹಾಕಿಕೊಳ್ಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋಗಬೇಕು. ಕೋಡ್ ಬರೆಯುವ ಅಗತ್ಯವಿಲ್ಲ. ಎಡಗಡೆಯ ಪಟ್ಟಿಯಿಂದ ಆ್ಯಕ್ಷನ್‌ಗಳನ್ನು (ಸಿದ್ಧವಾಗಿರುವ ಚಿಕ್ಕ ಚಿಕ್ಕ ಕೆಲಸಗಳು) ಎಳೆದು ಒಂದರ ಕೆಳಗೊಂದು ಇಟ್ಟರೆ ಒಂದು ಫ್ಲೋ ಆಗುತ್ತದೆ.

ಇದೂ ಕಷ್ಟ ಅನಿಸಿದರೆ ಡ್ರಾಪ್‌ಇಟ್ ಎಂಬ ಉಚಿತ ಪ್ರೋಗ್ರಾಂ ಇದೆ. ಪರದೆಯ ಮೇಲೆ ಅದರ ಚಿಕ್ಕ ಐಕಾನ್ ತೇಲುತ್ತಿರುತ್ತದೆ. ಫೈಲ್‌ಗಳನ್ನು ಅದರ ಮೇಲೆ ಎಳೆದು ಬಿಟ್ಟರೆ ನೀವು ಮೊದಲೇ ಬರೆದಿಟ್ಟ ರೂಲ್ ಪ್ರಕಾರ ಅವು ಆಯಾ ಫೋಲ್ಡರ್‌ಗೆ ಹೋಗುತ್ತವೆ. ಫೋಟೊ, ಪಿಡಿಎಫ್, ವಿಡಿಯೊ ಅಂತ ಬೇರೆ ಮಾಡಲು ಅದು ಸಾಕು. ವರ್ಷ, ತಿಂಗಳು, ದಾಖಲೆ ಅಂತ ಶುರುವಾದರೆ ಪವರ್ ಆಟೋಮೇಟ್ ವಾಸಿ.

ಇನ್ನೊಂದು ಸಾಧನ ಹೊರಗಿನ ಹಾರ್ಡ್ ಡಿಸ್ಕ್. ಮನೆಯಲ್ಲಿ ಇಲ್ಲದಿದ್ದರೆ ಎಸ್‌.ಪಿ. ರಸ್ತೆಯಿಂದ ಒಂದು ತನ್ನಿ. ರೂಲ್ ಮುಟ್ಟಲಿರುವ ಫೋಲ್ಡರ್ ಪೂರ್ತಿಯಾಗಿ ಅದರಲ್ಲಿ ನಕಲಾಗಿ ಕೂರಬೇಕು. ಈ ನಕಲು ಇಲ್ಲದೆ ಐದನೇ ಹಂತ ಮಾಡಲೇಬೇಡಿ.

ಒಂದು ಸೆಟ್ಟಿಂಗ್ ಈಗಲೇ ಬದಲಿಸಿ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದನ್ನು ಆನ್ ಮಾಡಿ. ವಿಂಡೋಸ್ ಫೈಲ್ ಹೆಸರಿನ ಬಾಲವನ್ನು, ಅಂದರೆ ಕೊನೆಯ .pdf, .exe ಇಂಥದ್ದನ್ನು, ಮುಚ್ಚಿಡುತ್ತದೆ. ಬಾಲ ಕಾಣದಿದ್ದರೆ ಪಿಡಿಎಫ್ ಹಾಗೆ ಕಾಣುವ ಫೈಲ್ ನಿಜಕ್ಕೂ ಪಿಡಿಎಫ್ ಹೌದೋ ಅಲ್ಲವೋ ಗೊತ್ತಾಗುವುದಿಲ್ಲ. ಪಿಡಿಎಫ್ ವೇಷದಲ್ಲಿ ಬರುವ ಇಎಕ್ಸ್‌ಇ ಫೈಲ್‌ಗಳು, ಅಂದರೆ ಒತ್ತಿದರೆ ಓಡುವ ಪ್ರೋಗ್ರಾಂಗಳು, ವೈರಸ್ ಹರಡುವ ಹಳೆಯ ದಾರಿ. ಅಂಥದ್ದನ್ನು ನಿಮ್ಮ ರೂಲ್ ಬಿಲ್‌ಗಳ ನಡುವೆ ಕೂರಿಸಬಾರದು.

## ಹಂತ 1: ಫೈಲ್ ನೋಡಿ, ಮುಟ್ಟಬಾರದ್ದನ್ನು ಗುರುತಿಸಿ

ಡೌನ್‌ಲೋಡ್ಸ್ ಫೋಲ್ಡರ್ ತೆರೆಯಿರಿ. ಮೊದಲು ಟೈಪ್ ಪ್ರಕಾರ, ಆಮೇಲೆ ಹೆಸರಿನ ಪ್ರಕಾರ ಸಾಲು ಮಾಡಿಸಿ ನೋಡಿ. ಯಾವ ಬಗೆಯ ಫೈಲ್ ಜಾಸ್ತಿ ಇವೆ? ಹೆಸರಿನಲ್ಲಿ ಯಾವ ಪದ ಪ್ರತಿ ಸಲ ಬರುತ್ತದೆ? ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರತಿ ತಿಂಗಳೂ ಒಂದೇ ಹೆಸರಲ್ಲಿ ಬರುತ್ತದೆಯೇ? ವಾಟ್ಸ್ಆ್ಯಪ್ ಫೋಟೊಗಳು ಹೇಗೆ ಶುರುವಾಗುತ್ತವೆ? ಇದನ್ನೆಲ್ಲ ಒಂದು ಕಾಗದದ ಮೇಲೆ ಬರೆದುಕೊಳ್ಳಿ. ರೂಲ್ ಹುಟ್ಟುವುದು ಈ ಕಾಗದದಿಂದ.

ರೂಲ್ ಹತ್ತಿರ ಸುಳಿಯಬಾರದ ಜಾಗಗಳನ್ನೂ ಅದೇ ಕಾಗದದಲ್ಲಿ ಬರೆಯಿರಿ:

- ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಫೋಲ್ಡರ್. ಅದರೊಳಗಿನ ಒಂದು ಫೈಲ್ ಸರಿದರೂ ಆ ಕಂಪನಿಯ ಲೆಕ್ಕ ತೆರೆಯದೇ ಹೋಗಬಹುದು.
- ಪುಟ ವಿನ್ಯಾಸಕ್ಕೆ ಬಳಸುವ ಇನ್‌ಡಿಸೈನ್, ಕೋರೆಲ್‌ಡ್ರಾ ಕೆಲಸದ ಫೋಲ್ಡರ್‌ಗಳು. ಚಿತ್ರಗಳನ್ನು ಲಿಂಕ್ ಮಾಡಿ ಇಟ್ಟ ಪುಟದಲ್ಲಿ ಚಿತ್ರದ ಫೈಲ್ ಜಾಗ ಬದಲಿಸಿದರೆ ಲಿಂಕ್ ಮುರಿಯುತ್ತದೆ. ಲಗ್ನಪತ್ರಿಕೆ ಪ್ರಿಂಟಿಗೆ ಹೋಗುವ ಹೊತ್ತಿಗೆ ಫೋಟೊ ಜಾಗ ಖಾಲಿ ಕಾಣುತ್ತದೆ.
- ಒಂದಕ್ಕೊಂದು ಕೊಂಡಿ ಹಾಕಿದ ಎಕ್ಸೆಲ್ ಶೀಟುಗಳು.
- ಸಿ ಡ್ರೈವ್‌ನ ವಿಂಡೋಸ್, ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ಗಳು.

ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ನಿಮ್ಮ ಕಂಪ್ಯೂಟರಿನಲ್ಲಿ ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಕ್ಲೌಡ್ ಸಂಗ್ರಹ) ಒಳಗಿವೆಯೇ ಎಂದೂ ನೋಡಿ. ಫೋಲ್ಡರ್‌ನ ವಿಳಾಸದಲ್ಲಿ ಒನ್‌ಡ್ರೈವ್ ಹೆಸರಿದ್ದರೆ ಹೌದು ಅಂತ ಅರ್ಥ. ಅಲ್ಲಿಂದ ಡಿ ಡ್ರೈವ್‌ಗೆ ಸರಿಸಿದ ಫೈಲ್ ಕ್ಲೌಡ್‌ನಿಂದಲೂ ಹೋಗುತ್ತದೆ. ನೀವು ಯಾರ ಜೊತೆ ಹಂಚಿಕೊಂಡಿದ್ದರೋ ಅವರಿಗೂ ಕಾಣುವುದಿಲ್ಲ.

## ಹಂತ 2: ಮೊದಲು ಗೂಡು ಕಟ್ಟಿ

ಫೈಲ್ ಹೋಗಿ ಸೇರುವ ಫೋಲ್ಡರ್‌ಗಳನ್ನು ಕೈಯಾರೆ ಮಾಡಿಡಿ. ಎರಡು ಮಟ್ಟ ಸಾಕು: ಮೇಲೆ ವಿಷಯ, ಒಳಗೆ ಹಣಕಾಸು ವರ್ಷ. ಬ್ಯಾಂಕ್, ವಿದ್ಯುತ್, ನೀರು, ಮನೆ ಕಂದಾಯ, ಬಾಡಿಗೆ, ಶಾಲೆ, ಫೋಟೊ. ತೀರಾ ಬೇಕಾದರೆ ಅದರೊಳಗೆ ತಿಂಗಳು, ಅದಕ್ಕಿಂತ ಆಳ ಬೇಡ. ವಿಂಡೋಸ್‌ನ ಹಳೆಯ ಪ್ರೋಗ್ರಾಂಗಳು 260 ಅಕ್ಷರಕ್ಕಿಂತ ಉದ್ದದ ವಿಳಾಸವನ್ನು ತೆರೆಯುವುದಿಲ್ಲ. ಫೋಲ್ಡರ್ ಒಳಗೆ ಫೋಲ್ಡರ್ ಮಾಡುತ್ತಾ ಹೋದರೆ ಆ ಮಿತಿ ಬೇಗ ಬರುತ್ತದೆ.

ಫೋಲ್ಡರ್‌ಗೆ ಕನ್ನಡ ಹೆಸರು ಇಡಬಹುದೇ? ವಿಂಡೋಸ್‌ಗೆ ತೊಂದರೆ ಇಲ್ಲ. ಆದರೆ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಕ್ಕೂ ಇರುವ ಸಂಕೇತ ಪದ್ಧತಿ) ಗೊತ್ತಿಲ್ಲದ ಹಳೆಯ ಸ್ಕ್ಯಾನರ್ ಮತ್ತು ಅಕೌಂಟಿಂಗ್ ಸಾಫ್ಟ್‌ವೇರ್ ಆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ತೋರಿಸುತ್ತವೆ. ಅಂಥ ಸಾಫ್ಟ್‌ವೇರ್ ಇರುವ ಕಚೇರಿಯಲ್ಲಿ, ಅದು ತೆರೆಯುವ ಫೋಲ್ಡರ್‌ಗಳಿಗೆಲ್ಲ ಇಂಗ್ಲಿಷ್ ಅಕ್ಷರ ಬಳಸಿ. ಮನೆಯ ಕಾಗದಪತ್ರಗಳಿಗೆ ಕನ್ನಡದ ಹೆಸರೇ ಚೆಂದ. ಮನೆಯಲ್ಲಿ ಅಪ್ಪ, ಅಮ್ಮ ಎಲ್ಲರೂ ಹುಡುಕಿ ತೆಗೆಯುವಂತಿರಬೇಕು ಅಲ್ವಾ?

ಇನ್ನೊಂದು ಮುಖ್ಯ ವಿಷಯ. ಗೂಡುಗಳು ಡೌನ್‌ಲೋಡ್ಸ್ ಒಳಗೆ ಇರಬಾರದು. ರೂಲ್ ಎಲ್ಲಿಂದ ಫೈಲ್ ಎತ್ತುತ್ತದೋ ಅದರೊಳಗೇ ತಂದಿಟ್ಟರೆ, ಮುಂದಿನ ಸಲ ಅದೇ ಫೈಲನ್ನು ಮತ್ತೆ ಎತ್ತುವ ಅಪಾಯವಿದೆ.

## ಹಂತ 3: ರೂಲ್‌ಗಳ ಸಾಲು

ಜಾಸ್ತಿ ಜನ ಕೈಸುಟ್ಟುಕೊಳ್ಳುವುದು ಇಲ್ಲಿ. "ಪಿಡಿಎಫ್ ಎಲ್ಲ ಡಾಕ್ಯುಮೆಂಟ್ಸ್‌ಗೆ" ಎಂಬ ರೂಲ್ ಮೊದಲಿದ್ದು, "ಬೆಸ್ಕಾಂ ಬಿಲ್ ವಿದ್ಯುತ್ ಫೋಲ್ಡರ್‌ಗೆ" ಎಂಬುದು ಎರಡನೆಯದಾದರೆ ಎರಡನೆಯದಕ್ಕೆ ಕೆಲಸವೇ ಸಿಗುವುದಿಲ್ಲ. ಬಿಲ್ ಕೂಡ ಪಿಡಿಎಫ್ ತಾನೆ? ಮೊದಲ ರೂಲ್ ಅದನ್ನು ಆಗಲೇ ಒಯ್ದಿರುತ್ತದೆ.

ಸಾಲು ಹೀಗಿರಲಿ:

1. ಬಿಟ್ಟುಬಿಡಬೇಕಾದವು. ಅರ್ಧ ಇಳಿದ ಡೌನ್‌ಲೋಡ್, ತೆರೆದಿರುವ ಫೈಲ್.
2. ಹೆಸರಿನಿಂದ ಖಚಿತವಾಗಿ ಗುರುತು ಸಿಗುವವು. ಬೆಸ್ಕಾಂ, ಜಲಮಂಡಳಿ, ಬ್ಯಾಂಕ್, ಕಂದಾಯ.
3. ಹೆಸರು ಮತ್ತು ಬಗೆ ಎರಡನ್ನೂ ನೋಡಬೇಕಾದವು. ಉದಾಹರಣೆಗೆ ವಾಟ್ಸ್ಆ್ಯಪ್ ಎಂದು ಶುರುವಾಗುವ ಜೆಪೆಗ್ ಫೈಲ್.
4. ಬಗೆ ಮಾತ್ರ ನೋಡುವವು. ಎಂಪಿ4 ಎಲ್ಲ ವಿಡಿಯೊಗೆ, ಹೀಗೆ.

ಉಳಿದದ್ದಕ್ಕೆ ರೂಲ್ ಬೇಡ, ಅಲ್ಲೇ ಇರಲಿ. "ಇತರೆ" ಎಂಬ ಫೋಲ್ಡರ್ ಮಾಡಿ ಮಿಕ್ಕಿದ್ದನ್ನೆಲ್ಲ ಅದಕ್ಕೆ ತಳ್ಳುವ ಸಲಹೆ ಬಹಳ ಕಡೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಗುರುತು ಸಿಗದ ಫೈಲ್ ಕಣ್ಣೆದುರು ಉಳಿದರೆ ಅದಕ್ಕೊಂದು ರೂಲ್ ಬೇಕೆಂದು ನಿಮಗೆ ತಿಳಿಯುತ್ತದೆ. "ಇತರೆ"ಗೆ ಹೋದದ್ದನ್ನು ಮತ್ತೆ ಯಾರೂ ತೆರೆದು ನೋಡುವುದಿಲ್ಲ.

ಡಿಲೀಟ್ ಮಾಡುವ ರೂಲ್ ಒಂದೂ ಬೇಡ. ಹಳೆಯ ಇನ್‌ಸ್ಟಾಲರ್‌ಗಳನ್ನು "ಅಳಿಸುವ ಮುಂಚೆ ನೋಡಿ" ಎಂಬ ಫೋಲ್ಡರ್‌ಗೆ ಕಳಿಸಿ, ಅಳಿಸುವ ಕೆಲಸ ಕೈಯಿಂದ ಮಾಡಿ.

### ಕನ್ನಡದ ಹೆಸರುಗಳು ಯಾಕೆ ಕೈಕೊಡುತ್ತವೆ

ಕನ್ನಡದಲ್ಲಿ ಫೈಲ್ ಹೆಸರಿಡುವವರು ಈ ಭಾಗವನ್ನು ನಿಧಾನವಾಗಿ ಓದಿ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಕನ್ನಡ ಪದಗಳು ಕಂಪ್ಯೂಟರಿಗೆ ಬೇರೆ ಬೇರೆ ಆಗಿರಬಹುದು. ರೂಲ್ ನೋಡುವುದು ಒಳಗಿನ ಸಂಕೇತವನ್ನು, ಪರದೆಯ ರೂಪವನ್ನಲ್ಲ.

ಕಾರಣ ಮೂರು. ಮೊದಲನೆಯದು ಕಣ್ಣಿಗೆ ಕಾಣದ ಅಕ್ಷರ. ಸ್ಟೇಟ್‌ಮೆಂಟ್ ಎಂದು ಬರೆಯುವಾಗ ಟ್ ಮತ್ತು ಮೆಂ ಒತ್ತಾಗಿ ಸೇರದಂತೆ ನಡುವೆ ಒಂದು ಕಾಣದ ಸಂಕೇತ ಹಾಕುತ್ತೇವೆ. ಕೆಲವು ಕೀಬೋರ್ಡ್‌ಗಳು ಪದದ ಕೊನೆಯ ಅರ್ಧಾಕ್ಷರದ ಮುಂದೆಯೂ ಇದನ್ನು ತಾವಾಗಿ ಸೇರಿಸುತ್ತವೆ. ಆಗ "ಬ್ಯಾಂಕ್ ವಿವರ" ಎಂಬ ಹೆಸರಿನಲ್ಲಿ ಕ್ ಮತ್ತು ಖಾಲಿ ಜಾಗದ ನಡುವೆ ಅದು ಅಡಗಿರುತ್ತದೆ. ನೀವು ರೂಲ್‌ನಲ್ಲಿ ಟೈಪ್ ಮಾಡಿದ "ಬ್ಯಾಂಕ್ ವಿವರ" ಅದಕ್ಕೆ ಹೊಂದುವುದಿಲ್ಲ.

ಎರಡನೆಯದು ಸ್ವರಚಿಹ್ನೆ. ಕೀ, ಕೇ, ಕೈ, ಕೊ, ಕೋ ಇವುಗಳ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡುತುಂಡಾಗಿ ಒಂದರ ಮುಂದೊಂದು ಇಟ್ಟೂ ಬರೆಯಬಹುದು. ಎರಡೂ ಪರದೆಯ ಮೇಲೆ ಒಂದೇ. ಮ್ಯಾಕ್‌ನಲ್ಲಿ ಇಟ್ಟ ಹೆಸರು ವಿಂಡೋಸ್‌ಗೆ ಬಂದಾಗ ಈ ವ್ಯತ್ಯಾಸ ಕಾಣಿಸಿಕೊಳ್ಳಬಹುದು. ನೀರು, ರಸೀದಿ, ಕೋರ್ಟ್ ಇಂಥ ಪದಗಳಲ್ಲಿ ಈ ತೊಂದರೆ ಬರುತ್ತದೆ. ಬಾಡಿಗೆ, ಶಾಲೆ ಎಂಬಲ್ಲಿ ಬರುವುದಿಲ್ಲ.

ಮೂರನೆಯದು ನಮ್ಮದೇ ಅಭ್ಯಾಸ. ರಸೀದಿ, ರಶೀದಿ, ರಶೀತಿ, ಒಬ್ಬೊಬ್ಬರದು ಒಂದೊಂದು. ವರ್ಷವನ್ನು ಒಬ್ಬರು 2025 ಎಂದರೆ ಇನ್ನೊಬ್ಬರು ೨೦೨೫ ಎಂದಿರುತ್ತಾರೆ.

ಪರಿಹಾರ ಸುಲಭ. ರೂಲ್‌ನಲ್ಲಿ ಪದವನ್ನು ಹೊಸದಾಗಿ ಟೈಪ್ ಮಾಡಬೇಡಿ. ಫೈಲ್ ಹೆಸರಿನಿಂದಲೇ ಕಾಪಿ ಮಾಡಿ ಅಂಟಿಸಿ. ಪೂರ್ತಿ ಹೆಸರು ಬೇಡ, ಗುರುತಿಗೆ ಸಾಕಾಗುವ ಚಿಕ್ಕ ತುಂಡು ಸಾಕು. ಕಚೇರಿಯಲ್ಲಿ ನಾಲ್ಕಾರು ಜನ ಫೈಲ್ ಉಳಿಸುವುದಾದರೆ ಹೆಸರಿನ ಮೊದಲಿಗೆ ಎಲ್ಲರೂ ಒಪ್ಪಿದ ಎರಡು ಇಂಗ್ಲಿಷ್ ಅಕ್ಷರ ಇಟ್ಟು, ಆಮೇಲೆ ಕನ್ನಡದ ಹೆಸರು ಬರೆಯಿರಿ. ರೂಲ್ ಆ ಎರಡು ಅಕ್ಷರ ನೋಡಿದರೆ ಸಾಕು.

ಫೈಲ್ ಒಳಗಿನ ಬರಹ ನೋಡಿ ವಿಂಗಡಿಸುವ ಆಸೆ ಹಲವರಿಗಿದೆ. ಪವರ್ ಆಟೋಮೇಟ್‌ಗೆ ಪಿಡಿಎಫ್‌ನಿಂದ ಪಠ್ಯ ತೆಗೆಯಲು ಬರುತ್ತದೆ. ಆದರೆ ಇ-ಆಧಾರ್ ಪಾಸ್‌ವರ್ಡ್ ಕೇಳುತ್ತದೆ, ಬಹಳ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳೂ ಅಷ್ಟೇ. ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ, ಅದರಲ್ಲಿ ಪಠ್ಯವೇ ಇರುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ 'ನುಡಿ' ತಂತ್ರಾಂಶದ ಅಕ್ಷರಗಳಲ್ಲಿ ಮಾಡಿದ ಪಿಡಿಎಫ್‌ನಿಂದ ಹೊರಬರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಹಾಗಾಗಿ ಮೊದಲಿಗೆ ಹೆಸರಿನ ಮೇಲೆಯೇ ರೂಲ್ ಬರೆಯಿರಿ.

## ಹಂತ 4: ಫ್ಲೋ ಕಟ್ಟಿ, ಆದರೆ ಸರಿಸಬೇಡಿ

ಡೌನ್‌ಲೋಡ್ಸ್‌ನಿಂದ ಬಗೆಬಗೆಯ ಕೆಲವು ಫೈಲ್ ಆರಿಸಿ "ಪರೀಕ್ಷೆ" ಎಂಬ ಫೋಲ್ಡರ್‌ಗೆ ನಕಲು ಮಾಡಿ. ಫ್ಲೋ ಮೊದಲು ಇದರ ಮೇಲೆ ಓಡಬೇಕು.

ಫೈಲ್‌ಗಳನ್ನು ಎತ್ತುವುದು. ಪವರ್ ಆಟೋಮೇಟ್ ತೆರೆದು ನ್ಯೂ ಫ್ಲೋ ಒತ್ತಿ. ಮೊದಲ ಆ್ಯಕ್ಷನ್ ಗೆಟ್ ಫೈಲ್ಸ್ ಇನ್ ಫೋಲ್ಡರ್. ಫೋಲ್ಡರ್ ಜಾಗದಲ್ಲಿ "ಪರೀಕ್ಷೆ" ತೋರಿಸಿ. ಇನ್‌ಕ್ಲೂಡ್ ಸಬ್‌ಫೋಲ್ಡರ್ಸ್ ಆಫ್ ಇರಲಿ. ಇದನ್ನು ಆನ್ ಮಾಡಿದವರ ಜಿಪ್ ಬಿಚ್ಚಿದ ಫೋಲ್ಡರ್‌ಗಳು, ವೆಬ್ ಪುಟಗಳ ಜೊತೆ ಉಳಿಸಿದ ಚಿತ್ರಗಳು ಎಲ್ಲ ಚದುರಿ ಹೋಗುತ್ತವೆ.

ಒಂದೊಂದಾಗಿ ನೋಡುವುದು. ಅದರ ಕೆಳಗೆ ಫಾರ್ ಈಚ್ ಇಡಿ. ಒಂದೊಂದು ಫೈಲ್‌ಗೂ ಒಳಗಿನ ಕೆಲಸವನ್ನು ಮತ್ತೆ ಮಾಡಿಸುವ ಲೂಪ್ ಇದು. ಮೇಲಿನ ಆ್ಯಕ್ಷನ್ ಕೊಟ್ಟ ಫೈಲ್ಸ್ ಎಂಬ ಪಟ್ಟಿಯನ್ನು ಅದಕ್ಕೆ ಕೊಡಿ. ಈಗ ಪ್ರತಿ ಫೈಲೂ ಕರೆಂಟ್‌ಐಟಂ ಎಂಬ ಹೆಸರಿನಲ್ಲಿ ಸಿಗುತ್ತದೆ. ಅದರ ಹೆಸರು, ಬಾಲ, ತಾರೀಖು ಎಲ್ಲ ಅದರೊಳಗಿವೆ. ಇವನ್ನು ಕೈಯಿಂದ ಟೈಪ್ ಮಾಡುವ ಬದಲು ಬಾಕ್ಸಿನ ಬಲತುದಿಯ ವೇರಿಯಬಲ್ ಗುರುತನ್ನು ಒತ್ತಿ ಪಟ್ಟಿಯಿಂದ ಆರಿಸಿ. ಒಂದು ಅಕ್ಷರ ತಪ್ಪಿದರೂ ಫ್ಲೋ ನಿಲ್ಲುತ್ತದೆ.

ಬಿಟ್ಟುಬಿಡುವುದು. ಲೂಪ್ ಒಳಗೆ ಮೊದಲು ಇಫ್ (ಹೀಗಿದ್ದರೆ ಮಾತ್ರ ಎಂಬ ಷರತ್ತು) ಇಟ್ಟು ಫೈಲ್‌ನ ಬಾಲ ನೋಡಿ. ಕ್ರೋಮ್‌ನಲ್ಲಿ ಅರ್ಧ ಇಳಿದ ಫೈಲ್‌ಗೆ ಸಿಆರ್‌ಡೌನ್‌ಲೋಡ್ (.crdownload), ಫೈರ್‌ಫಾಕ್ಸ್‌ನಲ್ಲಿ ಪಾರ್ಟ್ (.part) ಎಂಬ ಬಾಲ ಇರುತ್ತದೆ. ವರ್ಡ್ ಅಥವಾ ಎಕ್ಸೆಲ್ ಫೈಲ್ ತೆರೆದಿದ್ದಾಗ ಅಲೆಗೆರೆ ಮತ್ತು ಡಾಲರ್ ಗುರುತಿನಿಂದ (~$) ಶುರುವಾಗುವ ಒಂದು ಮರೆಯ ಫೈಲ್ ಹುಟ್ಟುತ್ತದೆ. ಇವು ಸಿಕ್ಕರೆ ನೆಕ್ಸ್ಟ್ ಲೂಪ್ ಆ್ಯಕ್ಷನ್ ಹಾಕಿ, ಫ್ಲೋ ಮುಂದಿನ ಫೈಲ್‌ಗೆ ಹೋಗುತ್ತದೆ. ಇದರ ಕೆಳಗೇ ಸಬ್‌ಟ್ರ್ಯಾಕ್ಟ್ ಡೇಟ್ಸ್ ಬಳಸಿ ಈಗಿನ ಸಮಯದಿಂದ ಫೈಲ್ ಕೊನೆಗೆ ಬದಲಾದ ಸಮಯವನ್ನು ನಿಮಿಷಗಳಲ್ಲಿ ಕಳೆಯಿರಿ. ಉತ್ತರ 10ಕ್ಕಿಂತ ಕಡಿಮೆ ಇದ್ದರೂ ನೆಕ್ಸ್ಟ್ ಲೂಪ್. ಈಗಷ್ಟೇ ಬಂದ ಫೈಲ್ ಇನ್ನೂ ಪೂರ್ತಿ ಇಳಿದಿರಲಿಕ್ಕಿಲ್ಲ.

ರೂಲ್. ಈಗ ನಿಮ್ಮ ಕಾಗದದ ಸಾಲಿನ ಪ್ರಕಾರ ಒಂದೊಂದು ಇಫ್. ಎಡಗಡೆ ಫೈಲ್‌ನ ಹೆಸರು, ನಡುವೆ ಕಂಟೇನ್ಸ್, ಬಲಗಡೆ ಹುಡುಕುವ ಪದ. ಇಗ್ನೋರ್ ಕೇಸ್ ಆನ್ ಮಾಡಿ, ಇಲ್ಲದಿದ್ದರೆ ದೊಡ್ಡ ಇಂಗ್ಲಿಷ್ ಅಕ್ಷರದ ಬೆಸ್ಕಾಂ ಒಂದು, ಸಣ್ಣ ಅಕ್ಷರದ್ದು ಇನ್ನೊಂದು ಆಗುತ್ತದೆ. ಪ್ರತಿ ಇಫ್ ಒಳಗೆ ಈ ನಾಲ್ಕು ಆ್ಯಕ್ಷನ್ ಇದೇ ಕ್ರಮದಲ್ಲಿ ಇರಲಿ:

1. ಇಫ್ ಫೈಲ್ ಎಕ್ಸಿಸ್ಟ್ಸ್. ಸೇರಬೇಕಾದ ಜಾಗದಲ್ಲಿ ಅದೇ ಹೆಸರಿನ ಫೈಲ್ ಇದೆಯೇ ಎಂದು ನೋಡಿ. ಇದ್ದರೆ "ಹೆಸರು ಡಿಕ್ಕಿ" ಎಂದು ದಾಖಲೆಗೆ ಬರೆದು ನೆಕ್ಸ್ಟ್ ಲೂಪ್.
2. ರೈಟ್ ಟೆಕ್ಸ್ಟ್ ಟು ಫೈಲ್. ಇದೇ ನಿಮ್ಮ ದಾಖಲೆ. ಸಮಯ, ಫೈಲ್‌ನ ಹಳೆಯ ಪೂರ್ತಿ ವಿಳಾಸ, ಹೊಸ ಜಾಗ, ಮೂರೂ ಒಂದೇ ಸಾಲಿನಲ್ಲಿ.
3. ಮೂವ್ ಫೈಲ್ಸ್. ಫೈಲ್ ಮೊದಲೇ ಇದ್ದರೆ ಏನು ಮಾಡಬೇಕು ಎಂಬಲ್ಲಿ ಡೂ ನಥಿಂಗ್ ಇರಲಿ. ಓವರ್‌ರೈಟ್ ಆರಿಸಿದರೆ ಏಪ್ರಿಲ್ ತಿಂಗಳ ಸ್ಟೇಟ್‌ಮೆಂಟ್ ಮೇಲೆ ಮೇ ತಿಂಗಳದ್ದು ಕೂರುತ್ತದೆ, ಏಪ್ರಿಲ್ ಮತ್ತೆ ಸಿಗುವುದಿಲ್ಲ.
4. ನೆಕ್ಸ್ಟ್ ಲೂಪ್. ಇದನ್ನು ಮರೆತರೆ ಸರಿಸಿದ ಫೈಲನ್ನೇ ಕೆಳಗಿನ ರೂಲ್ ಕೂಡ ಹುಡುಕಿಕೊಂಡು ಹೋಗಿ, ಫೈಲ್ ಇಲ್ಲ ಎಂಬ ದೋಷ ಬರುತ್ತದೆ.

ದಾಖಲೆಯ ಎರಡು ಸೆಟ್ಟಿಂಗ್ ಸರಿಯಿರಬೇಕು. ಅಪೆಂಡ್ ಕಂಟೆಂಟ್ ಆರಿಸಿ, ಇಲ್ಲದಿದ್ದರೆ ಕೊನೆಯ ಒಂದು ಸಾಲು ಮಾತ್ರ ಉಳಿಯುತ್ತದೆ. ಎನ್‌ಕೋಡಿಂಗ್ ಯುಟಿಎಫ್-8 ಆರಿಸಿ. ಆಸ್ಕಿ ಇಟ್ಟರೆ ಕನ್ನಡ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ. ದಾಖಲೆಯ ಫೈಲನ್ನು ರೂಲ್ ಓಡುವ ಫೋಲ್ಡರ್‌ನಲ್ಲಿ ಇಡಬೇಡಿ.

ಒಣ ಓಟ. ಈಗ ಎಲ್ಲ ಮೂವ್ ಫೈಲ್ಸ್ ಆ್ಯಕ್ಷನ್‌ಗಳ ಮೇಲೂ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಆ್ಯಕ್ಷನ್ ಕೊಡಿ. ಫ್ಲೋ ಓಡಿಸಿ. ಒಂದು ಫೈಲೂ ಜಾಗ ಬಿಟ್ಟು ಕದಲುವುದಿಲ್ಲ, ಆದರೆ ದಾಖಲೆಯಲ್ಲಿ ಯಾವುದು ಎಲ್ಲಿಗೆ ಹೋಗುತ್ತಿತ್ತು ಎಂಬುದು ಬರುತ್ತದೆ. ಅದನ್ನು ಸಾಲು ಸಾಲಾಗಿ ಓದಿ. ಜಲಮಂಡಳಿಯ ಬಿಲ್ ಬ್ಯಾಂಕಿಗೆ ಹೋಗುತ್ತಿದೆಯೇ? ಹಾಗಾದರೆ ಬ್ಯಾಂಕ್ ರೂಲ್‌ನ ಪದ ತೀರಾ ಸಡಿಲವಾಗಿದೆ. "ಬಿಲ್" ಎಂಬಂಥ ಪದದ ಮೇಲೆ ರೂಲ್ ಬರೆದರೆ ಹೀಗೇ ಆಗುವುದು. ಸರಿಮಾಡಿ, ದಾಖಲೆ ಅಳಿಸಿ, ಮತ್ತೆ ಓಡಿಸಿ. ಒಂದೂ ತಪ್ಪು ಸಾಲು ಇಲ್ಲ ಅನ್ನುವವರೆಗೆ ಹೀಗೇ ಮಾಡಿ.

### ವರ್ಷ ಯಾವುದು ಎಂದು ರೂಲ್‌ಗೆ ಹೇಗೆ ಗೊತ್ತಾಗಬೇಕು?

ನಮ್ಮ ಕಾಗದಪತ್ರ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಫೈಲ್‌ನ ತಾರೀಖಿನಿಂದ ಲೆಕ್ಕ ಹಾಕುವುದು ಸುಲಭ: ತಿಂಗಳು 4ಕ್ಕಿಂತ ಕಡಿಮೆ ಇದ್ದರೆ ವರ್ಷದಲ್ಲಿ ಒಂದು ಕಳೆಯಿರಿ, ಇಲ್ಲದಿದ್ದರೆ ಹಾಗೇ ಇರಲಿ. 2026ರ ಫೆಬ್ರವರಿಯ ಫೈಲ್ 2025-2026 ಫೋಲ್ಡರ್‌ಗೆ ಹೋಗುತ್ತದೆ.

ಆದರೆ ಫೈಲ್‌ನ ತಾರೀಖನ್ನು ಪೂರ್ತಿ ನಂಬಲು ಆಗುವುದಿಲ್ಲ. ವಿಂಡೋಸ್‌ನಲ್ಲಿ ಫೈಲ್ ನಕಲು ಮಾಡಿದರೆ ಕ್ರಿಯೇಟೆಡ್ ತಾರೀಖು ನಕಲು ಮಾಡಿದ ದಿನದ್ದಾಗುತ್ತದೆ, ಮಾಡಿಫೈಡ್ ಹಳೆಯದೇ ಉಳಿಯುತ್ತದೆ. ಅದಕ್ಕೇ ಕ್ರಿಯೇಟೆಡ್ ಮೇಲೆ ರೂಲ್ ಬರೆಯಬೇಡಿ. ಡೌನ್‌ಲೋಡ್ ಮಾಡಿದ ಬಿಲ್‌ನಲ್ಲಿ ಮಾಡಿಫೈಡ್ ಕೂಡ ಸಾಮಾನ್ಯವಾಗಿ ಇಳಿಸಿಕೊಂಡ ದಿನವೇ, ಬಿಲ್‌ನ ದಿನವಲ್ಲ. ಜುಲೈನಲ್ಲಿ ಆದಾಯ ತೆರಿಗೆ ವಿವರ ಸಲ್ಲಿಸಲು ಕುಳಿತು ಕಳೆದ ವರ್ಷದ ಸ್ಟೇಟ್‌ಮೆಂಟ್, ಫಾರ್ಮ್ 16 ಎಲ್ಲ ಒಟ್ಟಿಗೆ ಇಳಿಸುತ್ತೀರಿ. ತಾರೀಖು ನೋಡುವ ರೂಲ್ ಅವನ್ನೆಲ್ಲ ಹೊಸ ವರ್ಷದ ಫೋಲ್ಡರ್‌ಗೆ ಹಾಕುತ್ತದೆ.

ಇಲ್ಲಿ ನೀವೇ ಒತ್ತಿ ಓಡಿಸುವ ರೂಲ್‌ನ ಬೆಲೆ ತಿಳಿಯುತ್ತದೆ. ಸದಾ ಹಿನ್ನೆಲೆಯಲ್ಲಿ ತಾನಾಗಿ ಓಡುತ್ತಿರುವ ರೂಲ್ ನಿಮ್ಮನ್ನು ಕೇಳಲಾರದು. ಇದು ಕೇಳಬಲ್ಲದು. ಫ್ಲೋನ ಮೊಟ್ಟಮೊದಲಿಗೆ ಡಿಸ್‌ಪ್ಲೇ ಇನ್‌ಪುಟ್ ಡಯಲಾಗ್ ಇಟ್ಟು "ಯಾವ ಹಣಕಾಸು ವರ್ಷ?" ಎಂದು ಕೇಳಿಸಿ. ಡಿಫಾಲ್ಟ್ ಜಾಗದಲ್ಲಿ ಈ ವರ್ಷವನ್ನು ಬರೆದಿಡಿ. ಸಾಮಾನ್ಯ ದಿನ ಸುಮ್ನೆ ಎಂಟರ್ ಒತ್ತಿದರೆ ಸಾಕು, ಜುಲೈನಲ್ಲಿ ಮಾತ್ರ ಬದಲಿಸಿ. ಅದರ ಕೆಳಗೇ ಒಂದು ಇಫ್ ಬೇಕು: ಉತ್ತರ ಖಾಲಿ ಇದ್ದರೆ ಅಥವಾ ಕ್ಯಾನ್ಸಲ್ ಒತ್ತಿದ್ದರೆ ಸ್ಟಾಪ್ ಫ್ಲೋ. ಈ ಇಫ್ ಇಲ್ಲದಿದ್ದರೆ ಕ್ಯಾನ್ಸಲ್ ಒತ್ತಿದರೂ ಫ್ಲೋ ಮುಂದೆ ಹೋಗಿ, ವರ್ಷದ ಹೆಸರಿಲ್ಲದ ವಿಳಾಸಕ್ಕೆ ಫೈಲ್ ಕಳಿಸಲು ನೋಡುತ್ತದೆ.

ತಿಂಗಳ ಫೋಲ್ಡರ್ ಬೇಕೆನ್ನುವವರು ಕನ್ವರ್ಟ್ ಡೇಟ್‌ಟೈಮ್ ಟು ಟೆಕ್ಸ್ಟ್ ಬಳಸಬೇಕು. ಕಸ್ಟಮ್ ಮಾದರಿಯಲ್ಲಿ ನಾಲ್ಕು ಸಣ್ಣ ವೈ, ಅಡ್ಡಗೆರೆ, ಎರಡು ದೊಡ್ಡ ಎಂ (yyyy-MM). ಎಂ ದೊಡ್ಡದೇ ಆಗಬೇಕು. ಸಣ್ಣ ಎಂ ಅಂದರೆ ನಿಮಿಷ. 2025-47 ಎಂಬಂಥ ಫೋಲ್ಡರ್ ಹುಟ್ಟಿದ್ದರೆ ಕಾರಣ ಇದೇ. ವರ್ಷ ಮೊದಲು, ಆಮೇಲೆ ತಿಂಗಳು ಇದ್ದರೆ ಫೋಲ್ಡರ್‌ಗಳು ತಾವಾಗಿ ಕ್ರಮವಾಗಿ ಕೂರುತ್ತವೆ. ಫೋಲ್ಡರ್ ಇನ್ನೂ ಇಲ್ಲದಿದ್ದರೆ ಸರಿಸುವ ಮೊದಲು ಇಫ್ ಫೋಲ್ಡರ್ ಎಕ್ಸಿಸ್ಟ್ಸ್ ನೋಡಿ ಕ್ರಿಯೇಟ್ ಫೋಲ್ಡರ್ ಕೊಡಿ.

ಫೈಲ್‌ನ ಹೆಸರಿಗೇ ತಾರೀಖು ಅಂಟಿಸುವ ರೂಲ್ ಈಗ ಬೇಡ. ಹೆಸರು ಬದಲಾಗಿ, ಸರಿಸುವುದು ಯಾಕೋ ನಿಂತರೆ, ಮುಂದಿನ ಓಟದಲ್ಲಿ ತಾರೀಖಿನ ಮುಂದೆ ಇನ್ನೊಂದು ತಾರೀಖು ಬಂದು ಕೂರುತ್ತದೆ.

## ಹಂತ 5: ನಿಜವಾದ ಓಟ

ಹೊರಗಿನ ಡಿಸ್ಕ್‌ಗೆ ನಕಲು ಆಯಿತೇ? ಈಗ ಮೂವ್ ಆ್ಯಕ್ಷನ್‌ಗಳನ್ನು ಎನೇಬಲ್ ಮಾಡಿ "ಪರೀಕ್ಷೆ" ಫೋಲ್ಡರ್ ಮೇಲೆ ಓಡಿಸಿ. ಫೈಲ್‌ಗಳು ಸರಿಯಾದ ಗೂಡಿಗೆ ಹೋದವೇ ನೋಡಿ, ಒಂದೆರಡನ್ನು ತೆರೆದೂ ನೋಡಿ. ತಕ್ಷಣ ಇನ್ನೊಂದು ಸಲ ಓಡಿಸಿ. ಎರಡನೇ ಸಲ ಒಂದು ಫೈಲೂ ಸರಿಯಬಾರದು. ಸರಿದರೆ ರೂಲ್‌ನಲ್ಲಿ ತಪ್ಪಿದೆ.

ಪರೀಕ್ಷೆ ಮುಗಿದ ಮೇಲೆ ಗೂಡುಗಳಲ್ಲಿ ಕೂತ ಆ ನಕಲುಗಳನ್ನು ತೆಗೆದುಹಾಕಿ. ಇಲ್ಲದಿದ್ದರೆ ನಿಜವಾದ ಓಟದಲ್ಲಿ ಅವೇ ಹೆಸರು ಡಿಕ್ಕಿ ಹೊಡೆಯುತ್ತವೆ. ಆಮೇಲೆ ಫೋಲ್ಡರ್ ವಿಳಾಸವನ್ನು ಡೌನ್‌ಲೋಡ್ಸ್‌ಗೆ ಬದಲಿಸಿ ಓಡಿಸಿ.

ಒಂದೇ ಡ್ರೈವ್ ಒಳಗೆ ಸರಿಸುವುದು ಕ್ಷಣದ ಕೆಲಸ, ಅಲ್ಲಿ ಬದಲಾಗುವುದು ವಿಳಾಸ ಮಾತ್ರ. ಸಿ ಡ್ರೈವ್‌ನಿಂದ ಡಿಗೆ ಅಥವಾ ಪೆನ್ ಡ್ರೈವ್‌ಗೆ ಅಂದರೆ ಮೊದಲು ನಕಲು, ಆಮೇಲೆ ಹಳೆಯದನ್ನು ಅಳಿಸುವುದು. ಮದುವೆ ವಿಡಿಯೊದಂಥ ದೊಡ್ಡ ಫೈಲ್ ಹೋಗುತ್ತಿರುವಾಗ ಕರೆಂಟ್ ಹೋದರೆ ಅರ್ಧ ನಕಲು ಉಳಿಯಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ, ಅದರಲ್ಲೂ ಮಳೆಗಾಲದ ಸಂಜೆ, ಡ್ರೈವ್ ದಾಟುವ ರೂಲ್ ಓಡಿಸಬೇಡಿ.

ಮುಂದೆ ಯಾವಾಗ ಓಡಿಸಬೇಕು? ಮನೆಯಲ್ಲಾದರೆ ತಿಂಗಳ ಬಿಲ್ ಕಟ್ಟಿದ ದಿನ. ಕಚೇರಿಯಲ್ಲಾದರೆ ಶನಿವಾರ ಬಾಗಿಲು ಹಾಕುವ ಮುಂಚೆ, ಎಲ್ಲ ಫೈಲ್ ಮುಚ್ಚಿದ ಮೇಲೆ. ಪವರ್ ಆಟೋಮೇಟ್ ತೆರೆದು ಫ್ಲೋ ಪಕ್ಕದ ರನ್ ಗುರುತು ಒತ್ತಿ, ಮುಗಿಯುವವರೆಗೆ ಅಲ್ಲೇ ಇರಿ.

## ಈ ಲಕ್ಷಣ ಕಂಡರೆ ನಿಲ್ಲಿಸಿ

- ದಾಖಲೆಯಲ್ಲಿ ಒಂದೇ ಫೈಲ್ ಎರಡು ಸಲ ಬಂದಿದೆ. ನೆಕ್ಸ್ಟ್ ಲೂಪ್ ಎಲ್ಲೋ ತಪ್ಪಿದೆ.
- "ಹೆಸರು ಡಿಕ್ಕಿ" ಸಾಲುಗಳು ಪ್ರತಿ ಸಲವೂ ಜಾಸ್ತಿ ಆಗುತ್ತಿವೆ. ಒಂದೇ ಹೆಸರಿನಲ್ಲಿ ಬರುವ ಸ್ಟೇಟ್‌ಮೆಂಟ್‌ಗಳಿಗೆ ತಿಂಗಳ ಫೋಲ್ಡರ್ ಬೇಕಾಗಿದೆ. ಬ್ರೌಸರ್ ಕೊನೆಗೆ 1, 2 ಎಂದು ಸೇರಿಸಿದ ಫೈಲನ್ನು ತೆರೆದು ನೋಡದೆ ಡೂಪ್ಲಿಕೇಟ್ ಅಂದುಕೊಳ್ಳಬೇಡಿ, ಅದು ಬೇರೆ ತಿಂಗಳದ್ದಿರಬಹುದು.
- ಫ್ಲೋ ನಡುವೆ ಕೆಂಪು ದೋಷ ತೋರಿಸಿ ನಿಂತಿತು. ಸಾಮಾನ್ಯವಾಗಿ ಆ ಫೈಲ್ ಬೇರೆ ಪ್ರೋಗ್ರಾಂನಲ್ಲಿ ತೆರೆದಿರುತ್ತದೆ. ದೋಷ ಬಂದರೂ ಮುಂದೆ ಹೋಗು ಎಂಬ ಸೆಟ್ಟಿಂಗ್ ಹಾಕಿ ಮುಗಿಸಬೇಡಿ. ಹಾಗೆ ಮಾಡಿದರೆ ಸರಿಯದ ಫೈಲ್ ಕೂಡ ಸರಿದಿದೆ ಎಂದು ದಾಖಲೆ ಹೇಳುತ್ತದೆ.
- ಯಾವುದೋ ಡಿಸೈನ್ ಫೈಲ್ ಲಿಂಕ್ ಇಲ್ಲ ಎನ್ನುತ್ತಿದೆ. ಬೇರೇನೂ ಮಾಡುವ ಮೊದಲು ದಾಖಲೆ ತೆರೆದು, ಆ ಚಿತ್ರದ ಹಳೆಯ ವಿಳಾಸ ನೋಡಿ, ವಾಪಸ್ ಅಲ್ಲಿಗೇ ಇಡಿ.

ದಾಖಲೆಯನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಗೊಂದಲಮಯವಾಗಿ ಕಂಡರೆ ಗಾಬರಿ ಬೇಡ. ಫೈಲ್ ಸರಿಯಾಗಿಯೇ ಇರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಅಥವಾ ಎಕ್ಸೆಲ್‌ನ ಡೇಟಾ ಮೆನುವಿನಿಂದ ಯುಟಿಎಫ್-8 ಎಂದು ಹೇಳಿ ಒಳಗೆ ತನ್ನಿ.

## ಮ್ಯಾಕ್ ಇರುವವರಿಗೆ

ಕ್ರಮ ಇದೇ, ಸಾಧನ ಬೇರೆ. 2021ರ ಮಾಂಟೆರೆ ಆವೃತ್ತಿಯಿಂದ ಮ್ಯಾಕ್‌ನಲ್ಲಿ ಶಾರ್ಟ್‌ಕಟ್ಸ್ ಆ್ಯಪ್ ಇದೆ. ಅದರಲ್ಲಿ ಮಾಡಿದ್ದನ್ನು ಕ್ವಿಕ್ ಆ್ಯಕ್ಷನ್ ಆಗಿ ಇಟ್ಟುಕೊಂಡರೆ ಫೈಂಡರ್‌ನಲ್ಲಿ ಫೈಲ್ ಆರಿಸಿ ರೈಟ್ ಕ್ಲಿಕ್‌ನಿಂದ ಓಡಿಸಬಹುದು. ದುಡ್ಡು ಕೊಡಲು ಸಿದ್ಧರಿದ್ದರೆ ಹೇಝಲ್ ಎಂಬ ವಿಂಗಡಣೆಯ ಪ್ರೋಗ್ರಾಂ ಒಳ್ಳೆಯದು. ಅದರಲ್ಲಿ ಫೈಲ್‌ಗೆ ಹೊಂದುವ ಮೊದಲ ರೂಲ್ ಸಿಕ್ಕ ಕೂಡಲೇ ಉಳಿದ ರೂಲ್‌ಗಳು ನಿಲ್ಲುತ್ತವೆ, ಹಾಗಾಗಿ ಮೂರನೇ ಹಂತದ ಸಾಲು ಅಲ್ಲಿಯೂ ಅಷ್ಟೇ ಮುಖ್ಯ. ಅರ್ಧ ಇಳಿದ ಸಫಾರಿ ಫೈಲ್‌ಗೆ ಡೌನ್‌ಲೋಡ್ ಎಂಬ ಬಾಲ ಇರುತ್ತದೆ, ಅದನ್ನು ಬಿಟ್ಟುಬಿಡುವ ಪಟ್ಟಿಗೆ ಸೇರಿಸಿ.

## ಹಂತ 6: ಏಪ್ರಿಲ್‌ನಲ್ಲಿ ಒಮ್ಮೆ ತಿದ್ದಿ

ಬರೆದ ರೂಲ್ ಹಾಗೇ ಇರುತ್ತದೆ, ಹೊರಗೆ ಹೆಸರು ಬದಲಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದವು. ಕಂದಾಯದ ರಸೀದಿಯನ್ನು ಬಿಬಿಎಂಪಿ ಎಂಬ ನಾಲ್ಕು ಅಕ್ಷರದಿಂದ ಮಾತ್ರ ಗುರುತಿಸುವ ರೂಲ್‌ಗೆ ಹೊಸ ಹೆಸರಿನ ರಸೀದಿ ಸಿಗುವುದಿಲ್ಲ. ಹಳೆಯ ಪದ ತೆಗೆಯಬೇಡಿ, ಹಳೆಯ ರಸೀದಿ ಮತ್ತೆ ಇಳಿಸುವ ಸಂದರ್ಭ ಬರುತ್ತದೆ. ಅದರ ಪಕ್ಕದಲ್ಲೇ ಹೊಸ ಪದಕ್ಕೆ ಇನ್ನೊಂದು ಇಫ್ ಸೇರಿಸಿ.

ಏಪ್ರಿಲ್ ಮೊದಲ ವಾರ ಈ ನಾಲ್ಕು ಕೆಲಸ ಮಾಡಿ. ಡಯಲಾಗ್‌ನ ಡಿಫಾಲ್ಟ್ ವರ್ಷ ಬದಲಿಸಿ. ಪ್ರತಿ ವಿಷಯದೊಳಗೆ ಹೊಸ ವರ್ಷದ ಫೋಲ್ಡರ್ ಮಾಡಿ. ಡೌನ್‌ಲೋಡ್ಸ್‌ನಲ್ಲಿ ಗುರುತು ಸಿಗದೆ ಉಳಿದ ಫೈಲ್‌ಗಳ ಹೆಸರು ಓದಿ, ಪದೇ ಪದೇ ಬಂದದ್ದಕ್ಕೆ ಹೊಸ ರೂಲ್ ಬರೆಯಿರಿ. ಆಮೇಲೆ ಮೂವ್ ಆ್ಯಕ್ಷನ್‌ಗಳನ್ನು ಮತ್ತೆ ಡಿಸೇಬಲ್ ಮಾಡಿ ಒಂದು ಒಣ ಓಟ ಓಡಿಸಿ. ಹಳೆಯ ವರ್ಷದ ದಾಖಲೆ ಫೈಲನ್ನು ಅದೇ ವರ್ಷದ ಹೆಸರಿಟ್ಟು ಹೊರಗಿನ ಡಿಸ್ಕ್‌ಗೂ ಒಂದು ಪ್ರತಿ ಹಾಕಿ.